ಹೊಟ್ಟೆಯ ಒಳಪೊರೆಯನ್ನು ಕಾಪಾಡಿಕೊಳ್ಳಿ: ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ತಿಳಿವಳಿಕೆ



ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ತಿರುವು ರಸ್ತೆ. ಒಳಗಿನ ತೋಟಗಳಿಂದ ಮೂಡಿಗೆರೆಗೆ ಬರುವುದೂ ಮಳೆಗಾಲದಲ್ಲಿ ಸುಲಭವಲ್ಲ. ವಾರಕ್ಕೆ ಎರಡು ಮೂರು ಸಲ ಯಂತ್ರದ ಡಯಾಲಿಸಿಸ್‌ಗೆ ಓಡಾಡಿದರೆ ರೋಗಿಯ ದಿನವೂ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಆದ್ದರಿಂದ ದೂರದಲ್ಲಿರುವ ಕೆಲವರಿಗೆ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್, ಅಂದರೆ ಸಿ.ಎ.ಪಿ.ಡಿ., ಅನುಕೂಲವಾಗಿದೆ. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ರೂಪಿಸಿದ ಈ ವಿಧಾನ ನಮ್ಮ ದೇಶದಲ್ಲಿ 1991ರಿಂದ ಬಳಕೆಯಲ್ಲಿದೆ.

ಆದರೆ ಒಂದು ಮಾತು ನೆನಪಿರಲಿ. ಯಂತ್ರದ ಜರಡಿ ಹಾಳಾದರೆ ಬೇರೆ ಹಾಕಬಹುದು. ಈ ಚಿಕಿತ್ಸೆಯಲ್ಲಿ ನಿಮ್ಮ ಹೊಟ್ಟೆಯ ಒಳಪೊರೆಯೇ ಜರಡಿ. ಅದನ್ನು ಬದಲಿಸಲು ಬರುವುದಿಲ್ಲ.

ಒಳಪೊರೆ ಎಂದರೇನು?

ಹೊಟ್ಟೆಯ ಗೋಡೆಯ ಒಳಬದಿಗೂ, ಕರುಳು ಮೊದಲಾದ ಅಂಗಗಳ ಮೇಲೂ ಹಾಸಿಕೊಂಡಿರುವ ತೆಳುವಾದ, ನುಣುಪಾದ ಪೊರೆಗೆ ಪೆರಿಟೋನಿಯಂ ಎಂದು ಹೆಸರು. ಬಿಡಿಸಿ ಹಾಸಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟು. ಮೇಲೆ ಒಂದೇ ಸಾಲು ಜೀವಕೋಶಗಳು, ಕೆಳಗೆ ನಾರಿನ ಪದರ, ಆ ಪದರದಲ್ಲಿ ಅತಿ ಸಣ್ಣ ರಕ್ತನಾಳಗಳು. ರಕ್ತದಲ್ಲಿನ ಕಲ್ಮಶ ಈ ನಾಳಗಳಿಂದ ಹೊರಬಂದು, ಪೊರೆಯನ್ನು ದಾಟಿ, ಹೊಟ್ಟೆಗೆ ತುಂಬಿದ ದ್ರಾವಣವನ್ನು ಸೇರುತ್ತದೆ.

ದ್ರಾವಣದಲ್ಲಿ ಏನಿದೆ?

ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಳ್ಳುವುದನ್ನು ನೋಡಿದ್ದೀರಿ. ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಎಳೆಯುತ್ತದೆ. ಹಾಗೆಯೇ ದ್ರಾವಣದ ಸಕ್ಕರೆ ನಿಮ್ಮ ಮೈಯಲ್ಲಿ ಹೆಚ್ಚಾದ ನೀರನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸಿಗುವ ಚೀಲಗಳು ಮೂರು ಬಗೆ: 1.5, 2.5 ಮತ್ತು 4.25 ಪ್ರತಿಶತ ಡೆಕ್ಸ್‌ಟ್ರೋಸ್. ಎರಡು ಲೀಟರ್‌ನ 1.5 ಚೀಲದಲ್ಲಿ 30 ಗ್ರಾಂ, 4.25 ಚೀಲದಲ್ಲಿ 85 ಗ್ರಾಂ ಡೆಕ್ಸ್‌ಟ್ರೋಸ್ ಇರುತ್ತದೆ. ಆರೋಗ್ಯವಂತರ ರಕ್ತದಲ್ಲಿರುವ ಸಕ್ಕರೆಗೆ ಹೋಲಿಸಿದರೆ 4.25 ಚೀಲ ಸುಮಾರು 40 ಪಟ್ಟು ಗಟ್ಟಿ.

ಸಕ್ಕರೆಯ ಜೊತೆಗೆ ಹಳೆಯ ಮಾದರಿಯ ದ್ರಾವಣ ಸ್ವಲ್ಪ ಹುಳಿ ಗುಣದ್ದು. ಕಾರ್ಖಾನೆಯಲ್ಲಿ ರೋಗಾಣು ಸಾಯಲೆಂದು ಕಾಯಿಸುವಾಗ ಸಕ್ಕರೆಯ ಒಂದಿಷ್ಟು ಭಾಗ ಒಡೆದು ಬೇರೆ ರಾಸಾಯನಿಕಗಳಾಗುತ್ತದೆ. ಇವೂ ಪೊರೆಗೆ ಒಗ್ಗುವುದಿಲ್ಲ.

ಪೊರೆಗೆ ಆಗುವುದೇನು?

ದಿನಕ್ಕೆ ನಾಲ್ಕು ಸಲ, ವರ್ಷಗಟ್ಟಲೆ ಇಂಥ ದ್ರಾವಣ ತಗಲುತ್ತಿದ್ದರೆ ಮೇಲಿನ ಜೀವಕೋಶಗಳು ಅಲ್ಲಲ್ಲಿ ಉದುರುತ್ತವೆ. ಕೆಳಗಿನ ನಾರಿನ ಪದರ ದಪ್ಪವಾಗುತ್ತದೆ. ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಬ್ರಿಟನ್ನಿನ ಕಾರ್ಡಿಫ್‌ನ ತಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರಲ್ಲಿ ಸುಮಾರು 50 ಮೈಕ್ರಾನ್ ಇದ್ದ ನಾರಿನ ಪದರ ಈ ಡಯಾಲಿಸಿಸ್ ಮಾಡಿಕೊಂಡವರಲ್ಲಿ ಸುಮಾರು 270 ಮೈಕ್ರಾನ್ ಆಗಿತ್ತು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಡಯಾಲಿಸಿಸ್ ಇನ್ನೂ ಶುರುವಾಗದ ಮೂತ್ರಪಿಂಡ ರೋಗಿಗಳಲ್ಲೂ ಅದು ಸುಮಾರು 140 ಇತ್ತು. ಅಂದರೆ ದೋಷವೆಲ್ಲ ದ್ರಾವಣದ್ದಲ್ಲ, ಕಾಯಿಲೆಯದೂ ಪಾಲಿದೆ.

ರಕ್ತನಾಳ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ನಾಳಗಳು ಹೆಚ್ಚಾದಷ್ಟೂ ದ್ರಾವಣದ ಸಕ್ಕರೆ ಬೇಗ ಬೇಗ ರಕ್ತಕ್ಕೆ ಸೇರಿಬಿಡುತ್ತದೆ. ಸಕ್ಕರೆ ಹೋದ ಮೇಲೆ ನೀರನ್ನು ಎಳೆಯುವ ಬಲವೂ ಹೋಗುತ್ತದೆ. ಆಗ ನೀರು ಮೈಯಲ್ಲೇ ಉಳಿದು ಕಾಲು ಊದುತ್ತದೆ, ಉಬ್ಬಸ ಬರುತ್ತದೆ. ಊತ ಇಳಿಯಲೆಂದು ಗಟ್ಟಿ ಚೀಲ ಹಾಕಿಕೊಂಡರೆ ಪೊರೆ ಇನ್ನಷ್ಟು ಸವೆಯುತ್ತದೆ. ಈ ಸುಳಿಗೆ ಸಿಕ್ಕಿಕೊಳ್ಳದಿರುವುದೇ ಮುಖ್ಯ.

ಹೊಸ ಬಗೆಯ ದ್ರಾವಣಗಳು

ಎರಡು ಕೋಣೆಯ ಚೀಲಗಳಲ್ಲಿ ಸಕ್ಕರೆಯ ಭಾಗ ಬೇರೆ ಇರುತ್ತದೆ. ನಡುವಿನ ಬೆಸುಗೆಯನ್ನು ಬಿಡಿಸಿ, ಬೆರೆಸಿ, ಆಮೇಲೆ ಹೊಟ್ಟೆಗೆ ಬಿಡಬೇಕು. ಇದರಲ್ಲಿ ಹುಳಿಯೂ ಒಡೆದ ಸಕ್ಕರೆಯ ಅಂಶವೂ ಕಡಿಮೆ. ಇದನ್ನು ಬಳಸಿದವರಲ್ಲಿ ಉಳಿದಿರುವ ಮೂತ್ರ ಹೆಚ್ಚು ಕಾಲ ನಿಲ್ಲುತ್ತದೆಂದು ಕಂಡುಬಂದಿದೆ. ಇಕೋಡೆಕ್ಸ್‌ಟ್ರಿನ್ ಎಂಬ ಇನ್ನೊಂದು ದ್ರಾವಣ ಪಿಷ್ಟದಿಂದ ಮಾಡಿದ್ದು. ದಿನಕ್ಕೆ ಒಂದು ಸಲ, ಹೆಚ್ಚು ಹೊತ್ತು ಒಳಗಿಡುವ ಸರದಿಗೆ ಇದನ್ನು ಕೊಡುತ್ತಾರೆ. ಇದನ್ನು ಬಳಸುವ ಸಕ್ಕರೆ ಕಾಯಿಲೆಯವರು ಎಚ್ಚರದಿಂದಿರಬೇಕು. ಕೆಲವು ಗ್ಲುಕೋಮೀಟರ್‌ಗಳು ರಕ್ತದ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಪ್ರಾಣಾಪಾಯ. ನಿಮ್ಮ ಮೀಟರ್ ಸರಿಹೊಂದುತ್ತದೆಯೇ ಎಂದು ಮೊದಲೇ ಕೇಳಿ. ಈ ದ್ರಾವಣಗಳ ಬೆಲೆ ಹೆಚ್ಚು. ನಿಮಗೆ ಬೇಕೇ ಬೇಡವೇ ಎಂಬುದನ್ನು ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ.

ನಿಮ್ಮ ಕೈಯಲ್ಲಿರುವುದು

1. ಉಪ್ಪು ಕಡಿಮೆ ಮಾಡಿ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಕಳಲೆ ಬಾಯಾರಿಕೆ ತರುತ್ತವೆ. ಬಾಯಾರಿದರೆ ನೀರು, ನೀರು ಹೆಚ್ಚಾದರೆ ಗಟ್ಟಿ ಚೀಲ. ಇಂದು ಬಿಟ್ಟ ಉಪ್ಪಿನಕಾಯಿಯೇ ನಾಳೆ ಪೊರೆಯನ್ನು ಉಳಿಸುತ್ತದೆ. ಕಾಫಿ, ಗಂಜಿ, ಸಾರು ಇವೂ ನೀರಿನ ಲೆಕ್ಕಕ್ಕೇ ಸೇರುತ್ತವೆ.

2. ಹಬ್ಬ, ಮದುವೆಯ ಊಟವಾದ ಮೇಲೆ ನೀವಾಗಿಯೇ 4.25 ಚೀಲ ಹಾಕಿಕೊಳ್ಳಬೇಡಿ. ಹಾಗೆಂದು ವೈದ್ಯರು ಹಾಕಿಕೊಳ್ಳಲು ಹೇಳಿದಾಗ ಹೆದರಿ ಬಿಡಲೂ ಬೇಡಿ. ಉಬ್ಬಸ ಬಂದಾಗ ಅದೇ ಜೀವ ಉಳಿಸುತ್ತದೆ.

3. ಕೈ ತೊಳೆಯುವುದನ್ನೂ ಮುಖಗವಸನ್ನೂ ಒಂದು ಸಲವೂ ತಪ್ಪಿಸಬೇಡಿ. ತೋಟದಿಂದ ಬಂದ ಕೈಯಲ್ಲಿ ನಳಿಕೆ ಮುಟ್ಟಬಾರದು. ದ್ರಾವಣ ವರ್ಷಗಳಲ್ಲಿ ಮಾಡುವ ಹಾನಿಯನ್ನು ತೀವ್ರ ಸೋಂಕು ಕೆಲವೇ ದಿನಗಳಲ್ಲಿ ಮಾಡಬಹುದು.

4. ಚೀಲವನ್ನು ಬಚ್ಚಲ ಒಲೆಯ ಬಳಿ, ಬಿಸಿನೀರಿನ ಹಂಡೆಯಲ್ಲಿ ಕಾಯಿಸಬೇಡಿ. ಅತಿಯಾದ ಬಿಸಿಗೆ ಸಕ್ಕರೆ ಒಡೆಯುತ್ತದೆ, ಹೊಟ್ಟೆಯೊಳಗೆ ಸುಡುತ್ತದೆ, ನೀರಿನಿಂದ ಸೋಂಕೂ ತಗಲುತ್ತದೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ಒಣ ಶಾಖದಲ್ಲಿ ಮೈಬಿಸಿಯಷ್ಟೇ ಬೆಚ್ಚಗೆ ಮಾಡಿ.

5. ಮೈಕೈ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಅದು ಉಳಿದಿರುವ ಮೂತ್ರವನ್ನೂ ನಿಲ್ಲಿಸಬಹುದು. ದಿನಕ್ಕೆ ಒಂದು ಲೋಟ ಮೂತ್ರ ಹೋದರೂ ಪೊರೆಯ ಹೊರೆ ಅಷ್ಟು ಇಳಿಯಿತು.

6. ಪುಸ್ತಕ ಬರೆಯಿರಿ. ಬಿಟ್ಟದ್ದೆಷ್ಟು, ಬಂದದ್ದೆಷ್ಟು, ಯಾವ ಚೀಲ, ತೂಕವೆಷ್ಟು. 2000 ಮಿ.ಲೀ. ಬಿಟ್ಟು 2300 ಬಂದರೆ 300 ಮಿ.ಲೀ. ನೀರು ತೆಗೆದಂತಾಯಿತು. ಈ ಅಂಕೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಊತ ಬರುವ ತನಕ ಕಾಯದೆ ಬಂದು ತೋರಿಸಿ.

ಪೊರೆಯ ಸ್ಥಿತಿ ತಿಳಿಯಲು ನಾಲ್ಕು ಗಂಟೆಯ ಒಂದು ಪರೀಕ್ಷೆಯಿದೆ, ಪೆಟ್ ಎನ್ನುತ್ತಾರೆ. ವೈದ್ಯರು ಹೇಳಿದಾಗ ತಪ್ಪಿಸಬೇಡಿ. 4.25 ಚೀಲವನ್ನು ನಾಲ್ಕು ಗಂಟೆ ಇಟ್ಟರೂ 400 ಮಿ.ಲೀ. ನೀರು ಬಾರದಿದ್ದರೆ ಪೊರೆ ಸೋಲುತ್ತಿರಬಹುದು.

ಮಳೆಗಾಲಕ್ಕೆ ಮುನ್ನ

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಮುಚ್ಚಿದ್ದು ನಿಮಗೆ ನೆನಪಿದೆ. ದಿನಕ್ಕೆ ನಾಲ್ಕರಂತೆ ಎರಡು ವಾರಕ್ಕೆ 56 ಚೀಲ ಬೇಕು. ಜೂನ್‌ಗೆ ಮೊದಲೇ ಇಷ್ಟನ್ನು ಒಣ ಜಾಗದಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ತೆಳು ಚೀಲ ಮುಗಿದು ಕೈಗೆ ಸಿಕ್ಕ ಗಟ್ಟಿ ಚೀಲವನ್ನೇ ಹಾಕಿಕೊಳ್ಳುವ ಸ್ಥಿತಿ ಬರಬಾರದು.

ತಡಮಾಡದೆ ಬನ್ನಿ

ಹೊರಬಂದ ದ್ರಾವಣ ಅಕ್ಕಿ ತೊಳೆದ ನೀರಿನಂತೆ ಮಸುಕಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಇದ್ದರೆ ಅದೇ ದಿನ ಬನ್ನಿ. ಆ ಚೀಲವನ್ನು ಚೆಲ್ಲದೆ ತನ್ನಿ, ಪರೀಕ್ಷೆಗೆ ಬೇಕು. ಹಲವು ವರ್ಷ ಈ ಚಿಕಿತ್ಸೆ ಪಡೆದವರಲ್ಲಿ ಅಪರೂಪಕ್ಕೆ ಪೊರೆ ಗಟ್ಟಿಯಾಗಿ ಕರುಳನ್ನೇ ಸುತ್ತಿಕೊಳ್ಳುವುದುಂಟು. ಮತ್ತೆ ಮತ್ತೆ ವಾಂತಿ, ಊಟ ಸೇರದಿರುವುದು, ತೂಕ ಇಳಿಯುವುದು, ದ್ರಾವಣದಲ್ಲಿ ರಕ್ತ ಇವು ಅದರ ಸೂಚನೆಗಳು.

ಎಷ್ಟು ಜೋಪಾನ ಮಾಡಿದರೂ ಕೆಲವರ ಪೊರೆ ಮುಂದೊಂದು ದಿನ ಸೋಲುತ್ತದೆ. ಅದು ನಿಮ್ಮ ತಪ್ಪೆಂದು ಕೊರಗಬೇಡಿ. ಆಗ ಯಂತ್ರದ ಡಯಾಲಿಸಿಸ್‌ಗೆ ಬದಲಾಯಿಸಬಹುದು. ಮೂತ್ರಪಿಂಡ ಕಸಿಯ ವಿಚಾರವನ್ನೂ ಅಲ್ಲಿಯ ತನಕ ಕಾಯದೆ ಈಗಲೇ ಕೇಳಿ ತಿಳಿಯಿರಿ. ಮುಂದಿನ ಸಲ ಬರುವಾಗ ನಿಮ್ಮ ಪುಸ್ತಕವನ್ನು ಮರೆಯದೆ ತನ್ನಿ.