ಜೀವರಕ್ಷಕ ಯಂತ್ರಕ್ಕೂ ಮುಪ್ಪುಂಟು

ಅಗ್ನಿಶಾಮಕ ದಳವೆಂದೊಡನೆ ಏಣಿ, ನೀರಿನ ಕೊಳವೆ, ಗಂಟೆ ಬಾರಿಸುತ್ತ ಧಾವಿಸುವ ಕೆಂಪು ಬಂಡಿ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಅಮೆರಿಕದ ಅನೇಕ ನಗರಗಳಲ್ಲಿ, ಹೃದಯ ನಿಂತು ಕುಸಿದವನ ಬಳಿಗೆ ಮೊದಲು ತಲುಪುವವರು ಅಗ್ನಿಶಾಮಕರೇ. ಆಸ್ಪತ್ರೆಗಳು ಊರಿಗೆ ಕೆಲವೇ. ಅಗ್ನಿಶಾಮಕ ಠಾಣೆಗಳಾದರೋ ಬಡಾವಣೆ ಬಡಾವಣೆಗೂ ಹರಡಿಕೊಂಡಿದ್ದು, ಸಿಬ್ಬಂದಿ ಹಗಲಿರುಳೂ ಸನ್ನದ್ಧರಾಗಿರುತ್ತಾರೆ.

ಬೆಲ್‌ಫಾಸ್ಟ್ ನಗರದ ಡಾ. ಫ್ರಾಂಕ್ ಪ್ಯಾಂಟ್ರಿಜ್ ಅವರು 1966ರಲ್ಲಿ ಡಿಫಿಬ್ರಿಲೇಟರ್ ಯಂತ್ರವನ್ನು ಆಸ್ಪತ್ರೆಯಿಂದ ಆಂಬುಲೆನ್ಸಿಗೆ ಏರಿಸಿದರು. ಕಾರಿನ ಬ್ಯಾಟರಿಗಳಿಂದ ನಡೆಯುತ್ತಿದ್ದ ಆ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು. ಅದರಿಂದ ಪ್ರೇರಿತರಾದ ಸಿಯಾಟಲ್ ನಗರದ ಹೃದ್ರೋಗತಜ್ಞ ಡಾ. ಲಿಯೊನಾರ್ಡ್ ಕಾಬ್, ಅಲ್ಲಿಯ ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕೆರಿ ಅವರೊಡಗೂಡಿ 1970ರಲ್ಲಿ 'ಮೆಡಿಕ್ ಒನ್' ಸೇವೆಯನ್ನು ಆರಂಭಿಸಿದರು. ಬೆಂಕಿ ನಂದಿಸುವ ಕೈಗಳಿಗೆ ವೈದ್ಯರ ಉಪಕರಣ ಬಂದದ್ದು ಹೀಗೆ.

ಹಠಾತ್ ಹೃದಯಸ್ತಂಭನದಲ್ಲಿ ಎಷ್ಟೋ ಸಲ ಹೃದಯ ಒಮ್ಮೆಗೇ ಸ್ತಬ್ಧವಾಗುವುದಿಲ್ಲ. ಅದರ ಸ್ನಾಯುಗಳು ತಾಳ ತಪ್ಪಿ ಅದುರತೊಡಗುತ್ತವೆ, ರಕ್ತ ಮುಂದೆ ಸಾಗದು. ಡಿಫಿಬ್ರಿಲೇಟರಿನ ವಿದ್ಯುದಾಘಾತ ಹೃದಯವನ್ನು 'ಚಾಲೂ' ಮಾಡುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಈ ಅದುರಾಟವನ್ನು ಅಡಗಿಸುತ್ತದೆ; ಬಳಿಕ ಹೃದಯ ತನ್ನ ಸಹಜ ಲಯವನ್ನು ತಾನೇ ಹಿಡಿಯಬೇಕು. ಎದೆಯೊತ್ತುವ ಪ್ರಥಮ ಚಿಕಿತ್ಸೆಯೂ ದೊರೆಯದಿದ್ದರೆ, ಆಘಾತ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಇಂಥ ಯಂತ್ರ ಆ ಗಳಿಗೆಯಲ್ಲಿ ಕೈಕೊಟ್ಟರೆ? ಬಂಡಿ ಓಡಿ ಸವೆಯುತ್ತದೆ. ಇದು ಕುಳಿತಲ್ಲಿಯೇ ಸವೆಯುತ್ತದೆ. ಮುಟ್ಟದಿದ್ದರೂ ಬ್ಯಾಟರಿಯ ಶಕ್ತಿ ಕುಂದುತ್ತದೆ. ಎದೆಗೆ ಅಂಟಿಸುವ ಪ್ಯಾಡುಗಳ ಲೋಳೆ ಕೆಲವೇ ವರ್ಷಗಳಲ್ಲಿ ಒಣಗಿ, ಬೆವರಿದ ಮೈಗೆ ಅಂಟಲೊಲ್ಲದು. ವಿದ್ಯುತ್ ಸರಿಯಾಗಿ ಹರಿಯದು. ವಾಹನದ ಕುಲುಕಾಟ, ಬಿಸಿಲಿನ ಕಾವುಗಳೂ ತಮ್ಮ ಪಾಲನ್ನು ಸಲ್ಲಿಸುತ್ತವೆ. ಹೊರಗೆ ಮಾತ್ರ ಯಂತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಆ ಹೊಳಪನ್ನು ಕಂಡೇ ಲೆಕ್ಕಪತ್ರದವರು ಬದಲಾವಣೆಯ ಬಾಬನ್ನು ಮುಂಗಡಪತ್ರದಿಂದ ಹೊಡೆದುಹಾಕುವುದುಂಟು!

ವೈದ್ಯವಿಜ್ಞಾನ ಮುಂದೆ ಸರಿದಾಗಲೂ ಯಂತ್ರ ಹಳತಾಗುತ್ತದೆ. ಮೊದಲಿನವು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತಿದ್ದವು. ಅನಂತರದವು ದಿಕ್ಕು ಬದಲಿಸಿ ಹರಿಸಿ, ಕಡಿಮೆ ಶಕ್ತಿಯಲ್ಲೇ ಅದೇ ಕೆಲಸ ಸಾಧಿಸುತ್ತವೆ. ಒಂದರ ಹಿಂದೊಂದು ಮೂರು ಆಘಾತ ಕೊಡುವ ಪದ್ಧತಿಯನ್ನು ಕೈಬಿಟ್ಟು, ಒಂದು ಆಘಾತ ಕೊಟ್ಟೊಡನೆ ಎದೆಯೊತ್ತಬೇಕೆಂಬ ಸೂಚನೆ 2005ರಲ್ಲಿ ಬಂದಿತು. ಮಾತನಾಡಿ ನಿರ್ದೇಶನ ಕೊಡುವ ಹಳೆಯ ಯಂತ್ರಗಳಿಗೆ ಹೊಸ ಪಾಠವನ್ನು ತುಂಬಬೇಕಾಯಿತು. ತುಂಬಲಾಗದವು ಹಳೆಯದನ್ನೇ ಒಪ್ಪಿಸುತ್ತಿದ್ದವು.

2005ರಿಂದ 2014ರ ಸೆಪ್ಟೆಂಬರ್‌ವರೆಗೆ ಈ ಸಾಧನಗಳ ವೈಫಲ್ಯದ ಬಗ್ಗೆ ಸುಮಾರು 72,000 ವರದಿಗಳು ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ತಲುಪಿದ್ದವು. 2015ರಲ್ಲಿ ಅದು ಯಂತ್ರಗಳಿಗೂ ಅವುಗಳ ಬ್ಯಾಟರಿ, ಪ್ಯಾಡುಗಳಿಗೂ ಕಟ್ಟುನಿಟ್ಟಾದ ಪೂರ್ವಾನುಮತಿಯನ್ನು ವಿಧಿಸಿತು. ಬಿಡಿಭಾಗ ದೊರೆಯದ ಯಂತ್ರ ಎಷ್ಟು ಗಟ್ಟಿಮುಟ್ಟಾಗಿದ್ದರೇನು, ಅದನ್ನು ಕೆಳಗಿಳಿಸಲೇಬೇಕು. ಬದಲಿಸುವಾಗ ದಳಕ್ಕೆಲ್ಲ ಒಂದೇ ಮಾದರಿಯನ್ನು ಕೊಳ್ಳುವುದು ಮೇಲು. ಒಂದು ಮಾದರಿಯ ಪ್ಯಾಡು ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಠಾಣೆ ಬದಲಿಸಿದ ಸಿಬ್ಬಂದಿ ಅವಸರದಲ್ಲಿ ಗುಂಡಿಗಾಗಿ ತಡಕಾಡಬಾರದು.

ಮುಂಬಯಿ, ಹೈದರಾಬಾದ್, ಚೆನ್ನೈಗಳಲ್ಲಿ ಬೆಂಕಿಗೆ 101, ಆಂಬುಲೆನ್ಸಿಗೆ 108, ವ್ಯವಸ್ಥೆ ಬೇರೆ. ಆದರೂ ಇದೇ ಬಗೆಯ ಸಣ್ಣ ಯಂತ್ರಗಳು ವಿಮಾನನಿಲ್ದಾಣಗಳ, ಕೆಲವು ವಸತಿ ಸಮುಚ್ಚಯಗಳ ಗೋಡೆಯೇರಿವೆ. ದಾನಿಗಳು ಕೊಡಿಸಿದ ಯಂತ್ರದ ಬ್ಯಾಟರಿಗೆ ಮುಂದೆ ಹಣ ಕೊಡುವವರು ಯಾರೆಂಬುದನ್ನು ಸೊಸೈಟಿಯ ಸಭೆ ಮೊದಲೇ ನಿರ್ಧರಿಸುವುದು ಲೇಸು. ಯಂತ್ರ ಸಿದ್ಧವಾಗಿದೆಯೆಂದು ತೋರುವ ಸೂಚಕ ದೀಪವನ್ನು ಒಬ್ಬರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಪ್ಯಾಡಿನ ಲಕೋಟೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಪೆಟ್ಟಿಗೆಗೆ ಬೀಗ ಜಡಿದು ಕೀಲಿಕೈಯನ್ನು ಕಾರ್ಯದರ್ಶಿಯ ಮನೆಯಲ್ಲಿ ಇಡಬಾರದು.