ದ್ವೀಪಕ್ಕೆ ಬಂದ ಹಣ ದ್ವೀಪದಲ್ಲಿ ಉಳಿಯುವುದೆ? - ಮಾಲ್ಡೀವ್ಸ್ ಕಲಿಸುವ ಪಾಠ

ಹಿಂದೂ ಮಹಾಸಾಗರದಲ್ಲಿ ಹರಡಿಕೊಂಡಿರುವ ಸುಮಾರು 1,190 ಹವಳದ ದ್ವೀಪಗಳ ಸಮೂಹವೇ ಮಾಲ್ಡೀವ್ಸ್. ಇವುಗಳಲ್ಲಿ ಜನವಸತಿ ಇರುವವು ಇನ್ನೂರಕ್ಕಿಂತ ಕಡಿಮೆ. ಒಟ್ಟು ಭೂಪ್ರದೇಶ ಸುಮಾರು 300 ಚದರ ಕಿಲೋಮೀಟರ್ ಮಾತ್ರ. ಅಲ್ಲಿ ನದಿಯಿಲ್ಲ, ಗಣಿಯಿಲ್ಲ, ಭತ್ತದ ಗದ್ದೆಯಿಲ್ಲ. ಮೀನು ಮತ್ತು ತೆಂಗು ಶತಮಾನಗಳ ಕಾಲ ಅಲ್ಲಿನವರ ಜೀವನಾಧಾರಗಳಾಗಿದ್ದವು. ಇಂತಹ ಪುಟ್ಟ ದೇಶಕ್ಕೆ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರವಾಸಿಗರು ಭೇಟಿ ನೀಡಿದರು. 2022ರ ಜನಗಣತಿಯಂತೆ ಅಲ್ಲಿನ ಒಟ್ಟು ಜನಸಂಖ್ಯೆ ಸುಮಾರು 5.15 ಲಕ್ಷ. ಅಂದರೆ ಮನೆಯವರಿಗಿಂತ ನೆಂಟರ ಸಂಖ್ಯೆಯೇ ನಾಲ್ಕು ಪಟ್ಟು. ಈ ಬೆಳವಣಿಗೆಯಿಂದ ಸ್ಥಳೀಯರಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದನ್ನು ವ್ಯಾಪಾರಿಗಳೂ ಸಣ್ಣ ಉತ್ಪಾದಕರೂ ಅರಿಯುವುದು ಉಪಯುಕ್ತ.

ಒಂದು ದ್ವೀಪ, ಒಂದು ರೆಸಾರ್ಟ್

ರಾಜಧಾನಿ ಮಾಲೆಯ ಸಮೀಪದ ದ್ವೀಪವೊಂದರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ 1972ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಆಗ ಇದ್ದದ್ದು 30 ಕೊಠಡಿಗಳು. ಆ ವರ್ಷ ದೇಶಕ್ಕೆ ಬಂದ ಪ್ರವಾಸಿಗರು ಸುಮಾರು ಒಂದು ಸಾವಿರ. ಮುಂದೆ ಸರ್ಕಾರ ಒಂದು ವಿಶಿಷ್ಟ ನೀತಿಯನ್ನು ಅನುಸರಿಸಿತು. ಜನವಸತಿಯಿಲ್ಲದ ದ್ವೀಪವನ್ನು ದೀರ್ಘಾವಧಿಯ ಗುತ್ತಿಗೆಗೆ ನೀಡುವುದು, ಒಂದು ದ್ವೀಪದಲ್ಲಿ ಒಂದೇ ರೆಸಾರ್ಟ್ ಇರುವುದು ಅದರ ತಿರುಳು. ವಿದ್ಯುತ್ ಉತ್ಪಾದನೆ, ಸಮುದ್ರದ ನೀರನ್ನು ಸಿಹಿನೀರಾಗಿಸುವ ಘಟಕ, ದೋಣಿಕಟ್ಟೆ, ನೌಕರರ ವಸತಿ ಎಲ್ಲವನ್ನೂ ಗುತ್ತಿಗೆದಾರನೇ ಒದಗಿಸಿಕೊಳ್ಳಬೇಕು.

ಈ ನೀತಿಗೆ ಸಾಮಾಜಿಕ ಕಾರಣವೂ ಇತ್ತು. ಮಾಲ್ಡೀವ್ಸ್ ಇಸ್ಲಾಂ ಧರ್ಮವನ್ನು ಅನುಸರಿಸುವ ದೇಶ. ಜನವಸತಿ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ರೆಸಾರ್ಟ್‌ಗಳಲ್ಲಿ ಅದಕ್ಕೆ ಅನುಮತಿಯಿದೆ. ಪ್ರವಾಸಿಗರನ್ನು ಬೇರೆ ದ್ವೀಪದಲ್ಲಿ ಇರಿಸಿದ್ದರಿಂದ ಗ್ರಾಮಜೀವನದ ರೀತಿನೀತಿಗಳಿಗೆ ನೇರ ಧಕ್ಕೆ ತಗುಲಲಿಲ್ಲ. ಆದರೆ ಅದೇ ಬೇಲಿ ಗ್ರಾಮಸ್ಥರನ್ನು ವ್ಯಾಪಾರದಿಂದಲೂ ಹೊರಗಿಟ್ಟಿತು. ಕಣ್ಣಳತೆಯ ದೂರದಲ್ಲಿ ಸಾವಿರಾರು ಡಾಲರ್ ವ್ಯಯವಾಗುತ್ತಿದ್ದರೂ ಹಳ್ಳಿಯ ಅಂಗಡಿಗೆ ಅದರಿಂದ ಹೆಚ್ಚಿನ ಗಿರಾಕಿ ದೊರೆಯುತ್ತಿರಲಿಲ್ಲ.

ಸೋರಿಕೆಯ ಲೆಕ್ಕ

ಪ್ರವಾಸಿ ವ್ಯಯಿಸಿದ ಹಣದಲ್ಲಿ ಆಮದು, ವಿದೇಶಿ ಮಾಲೀಕರ ಲಾಭಾಂಶ, ಹೊರದೇಶದ ನೌಕರರ ವೇತನ, ಪ್ರವಾಸ ಏಜೆಂಟರ ಕಮಿಷನ್ ಇವುಗಳ ಮೂಲಕ ದೇಶದಿಂದ ಹೊರಹೋಗುವ ಭಾಗವನ್ನು ಅರ್ಥಶಾಸ್ತ್ರಜ್ಞರು 'ಸೋರಿಕೆ' ಎನ್ನುತ್ತಾರೆ. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಪ್ರವಾಸಿಯೊಬ್ಬ 100 ರೂಪಾಯಿ ವ್ಯಯಿಸಿ, ಅದರಲ್ಲಿ 70 ರೂಪಾಯಿ ಹೊರಹೋದರೆ ಉಳಿಯುವುದು 30 ರೂಪಾಯಿ. ಇನ್ನೊಂದೆಡೆ ಪ್ರವಾಸಿ ವ್ಯಯಿಸುವುದು 50 ರೂಪಾಯಿಯಷ್ಟೇ ಆಗಿದ್ದು, ಅದರಲ್ಲಿ ಹೊರಹೋಗುವುದು 15 ರೂಪಾಯಿಯಾದರೆ ಉಳಿಯುವುದು 35 ರೂಪಾಯಿ. ಆದ್ದರಿಂದ ವಹಿವಾಟಿನ ಗಾತ್ರವೊಂದನ್ನೇ ನೋಡಿ ಸ್ಥಳೀಯ ಲಾಭವನ್ನು ಅಳೆಯುವುದು ತಪ್ಪು.

ಮಾಲ್ಡೀವ್ಸ್‌ನಲ್ಲಿ ಅಕ್ಕಿ, ಹಿಟ್ಟು, ಮೊಟ್ಟೆ, ತರಕಾರಿ, ಡೀಸೆಲ್, ಸಿಮೆಂಟ್ ಮೊದಲಾದವುಗಳ ಪೂರೈಕೆ ಬಹುಮಟ್ಟಿಗೆ ಆಮದನ್ನೇ ಅವಲಂಬಿಸಿದೆ. ಹೀಗಾಗಿ ಸೋರಿಕೆ ಅನಿವಾರ್ಯ. ಸರ್ಕಾರ ಇದನ್ನು ತೆರಿಗೆಯ ಮೂಲಕ ತಕ್ಕಮಟ್ಟಿಗೆ ಸರಿದೂಗಿಸುತ್ತಿದೆ. ಪ್ರವಾಸಿ ಸೇವೆಗಳ ಮೇಲೆ 2011ರಲ್ಲಿ ಶೇ. 3.5ರ ದರದಲ್ಲಿ ಆರಂಭವಾದ ತೆರಿಗೆ ಹಂತಹಂತವಾಗಿ ಏರಿ, 2025ರ ಜುಲೈನಲ್ಲಿ ಶೇ. 17 ತಲುಪಿತು. ರೆಸಾರ್ಟ್‌ನಲ್ಲಿ ತಂಗುವವರಿಂದ ದಿನಕ್ಕೆ 6 ಡಾಲರ್‌ನಂತೆ 2015ರ ನವೆಂಬರ್‌ನಿಂದ ಪಡೆಯುತ್ತಿದ್ದ 'ಹಸಿರು ತೆರಿಗೆ'ಯನ್ನು 2025ರ ಜನವರಿಯಲ್ಲಿ 12 ಡಾಲರ್‌ಗೆ ಏರಿಸಲಾಯಿತು.

ಜನಜೀವನದ ಮೇಲಿನ ಪರಿಣಾಮ

ರೆಸಾರ್ಟ್ ನೌಕರಿ ದೊರೆತ ಯುವಕ ಸ್ವಂತ ಊರನ್ನು ಬಿಟ್ಟು ತಿಂಗಳುಗಟ್ಟಲೆ ನೌಕರರ ವಸತಿಯಲ್ಲಿ ಇರಬೇಕಾಗುತ್ತದೆ. ಅವನು ಕಳುಹಿಸುವ ಹಣದಿಂದ ಮನೆ ನಡೆಯುತ್ತದೆ. ಆದರೆ ಊರಿನಲ್ಲಿ ದುಡಿಯುವ ಕೈಗಳು ಕಡಿಮೆಯಾಗುತ್ತವೆ. ಮನೆ ಬಿಟ್ಟು ದೂರದ ದ್ವೀಪದಲ್ಲಿ ನೆಲೆಸಬೇಕಾದ್ದರಿಂದ ಸ್ಥಳೀಯ ಮಹಿಳೆಯರ ಪಾಲು ಈ ಉದ್ಯೋಗದಲ್ಲಿ ಬಹಳ ಕಡಿಮೆ. ಇನ್ನೊಂದೆಡೆ, 2022ರ ಜನಗಣತಿಯಂತೆ ದೇಶದ ನಿವಾಸಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ವಿದೇಶಿಯರು. ಬಾಂಗ್ಲಾದೇಶ, ಭಾರತ, ಶ್ರೀಲಂಕಾಗಳಿಂದ ಬಂದ ದುಡಿಮೆಗಾರರೇ ಇವರಲ್ಲಿ ಹೆಚ್ಚಿನವರು.

ತ್ಯಾಜ್ಯದ ಸಮಸ್ಯೆಯೂ ಗಂಭೀರವಾದದ್ದು. ಮಾಲೆಯ ಬಳಿಯ ತಿಲಫುಶಿಯಲ್ಲಿ 1990ರ ದಶಕದ ಆದಿಯಿಂದ ರಾಜಧಾನಿಯ ಕಸದೊಡನೆ ರೆಸಾರ್ಟ್‌ಗಳ ಕಸವನ್ನೂ ಸುರಿಯಲಾಯಿತು. ಹವಳದ ದಿಬ್ಬ ಕಸದಿಂದಲೇ ದ್ವೀಪವಾಗಿ ಬೆಳೆಯಿತು. ಒಂದೇ ಉದ್ದಿಮೆಯನ್ನು ನೆಚ್ಚಿದ ಅಪಾಯವೂ ಎರಡು ಬಾರಿ ಅನುಭವಕ್ಕೆ ಬಂದಿದೆ. 2004ರ ಡಿಸೆಂಬರ್ 26ರ ಸುನಾಮಿಯಿಂದಾದ ನಷ್ಟ ರಾಷ್ಟ್ರೀಯ ಉತ್ಪನ್ನದ ಶೇ. 62ರಷ್ಟು ಎಂದು ಅಂದಾಜಿಸಲಾಗಿತ್ತು. 2020ರ ಕೋವಿಡ್ ಅವಧಿಯಲ್ಲಿ ದೇಶದ ಗಡಿ ಮುಚ್ಚಿದಾಗ ಆದಾಯದ ಮೂಲವೇ ಕೆಲವು ತಿಂಗಳು ಬತ್ತಿಹೋಯಿತು.

2009ರ ತಿರುವು

2009ರಲ್ಲಿ ಸರ್ಕಾರ ಜನವಸತಿ ದ್ವೀಪಗಳಲ್ಲಿಯೂ ಅತಿಥಿಗೃಹಗಳಿಗೆ ಅವಕಾಶ ನೀಡಿತು. ಮಾಫುಶಿ ಎಂಬ ದ್ವೀಪ ಇದರ ಪ್ರಸಿದ್ಧ ಉದಾಹರಣೆ. ಸ್ಥಳೀಯ ಕುಟುಂಬಗಳು ಕೆಲವೇ ಕೊಠಡಿಗಳ ಅತಿಥಿಗೃಹ ತೆರೆದವು. ಅವುಗಳೊಡನೆ ಉಪಾಹಾರ ಗೃಹ, ದೋಣಿ ಸೇವೆ, ಕಿರಾಣಿ ಅಂಗಡಿಗಳೂ ಬೆಳೆದವು. ಪ್ರವಾಸಿ ನೀಡುವ ಹಣ ಊರಿನ ಕೈಗಳಲ್ಲಿ ಸುತ್ತತೊಡಗಿತು. ನೀರು ಮತ್ತು ತ್ಯಾಜ್ಯ ವ್ಯವಸ್ಥೆಯ ಮೇಲೆ ಒತ್ತಡ ಹೆಚ್ಚಿತು. ಊರಿನ ಶಿಷ್ಟಾಚಾರಕ್ಕೆ ಭಂಗ ಬಾರದಂತೆ ಪ್ರವಾಸಿಗರ ಸ್ನಾನಕ್ಕೆ ಪ್ರತ್ಯೇಕ ಕಡಲತೀರ ಗೊತ್ತುಮಾಡಬೇಕಾಯಿತು. ಲಾಭದೊಡನೆ ಹೊಣೆಯೂ ಊರಿನ ಪಾಲಿಗೆ ಬಂತು.

ಕರಾವಳಿಗೆ ಸಂಬಂಧಿಸಿದ ವಿಚಾರ

ಈ ಪಾಠ ಕರ್ನಾಟಕಕ್ಕೆ ದೂರದ್ದಲ್ಲ. ಲಕ್ಷದ್ವೀಪದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ದಿನಸಿ ಮತ್ತು ಕಟ್ಟಡ ಸಾಮಗ್ರಿ ಲಕ್ಷದ್ವೀಪಕ್ಕೆ ಸಾಗುವ ವಾಡಿಕೆ ಹಳೆಯದು. ಈಗ ಆ ದ್ವೀಪಗಳಲ್ಲಿಯೂ ಐಷಾರಾಮಿ ರೆಸಾರ್ಟ್‌ಗಳ ಯೋಜನೆಗಳು ರೂಪುಗೊಂಡಿವೆ. ಸುಹೇಲಿ ಮತ್ತು ಕಡಮತ್ ದ್ವೀಪಗಳ ಯೋಜನೆಗಳು 2023ರಲ್ಲಿ ಪ್ರಕಟವಾದವು.

ರೆಸಾರ್ಟ್ ಬಂದೊಡನೆ ವ್ಯಾಪಾರ ತಾನಾಗಿ ಬರುವುದಿಲ್ಲ. ದೊಡ್ಡ ಹೋಟೆಲು ಕೇಳುವುದು ಮೂರು ಸಂಗತಿಗಳನ್ನು: ಏಕರೂಪದ ಗುಣಮಟ್ಟ, ತಪ್ಪದ ಪೂರೈಕೆ, ಕ್ರಮಬದ್ಧ ದಾಖಲೆ. ಮುಂಗಾರಿನಲ್ಲಿ ಮಂಜಿಗಳ ಸಂಚಾರ ನಿಲ್ಲುವುದರಿಂದ ದಾಸ್ತಾನಿನ ಯೋಜನೆ ಮೊದಲೇ ಆಗಬೇಕು. ಒಬ್ಬ ಸಣ್ಣ ಉತ್ಪಾದಕನಿಗೆ ಇದು ಕಷ್ಟ. ಹತ್ತು ಮಂದಿ ಕೂಡಿ ಸಂಗ್ರಹಣೆ ಮತ್ತು ಪ್ಯಾಕಿಂಗ್ ವ್ಯವಸ್ಥೆ ಮಾಡಿಕೊಂಡರೆ ಸಾಧ್ಯ. ಬೇಡಿಕೆಯ ಪಟ್ಟಿಯನ್ನು ಒಪ್ಪಂದದ ಹಂತದಲ್ಲಿಯೇ ಪಡೆಯುವುದು, ಪಾವತಿಯ ಗಡುವನ್ನು ಬರಹದಲ್ಲಿ ನಿಗದಿಪಡಿಸುವುದು, ಒಬ್ಬನೇ ಗಿರಾಕಿಯ ಮೇಲೆ ಅವಲಂಬಿಸದಿರುವುದು ವಿವೇಕದ ಕ್ರಮ.

ದ್ವೀಪವಾಸಿಗಳ ದೃಷ್ಟಿಯಿಂದ ನೋಡಿದರೂ ಫಲಿತಾಂಶ ಇದೇ. ಸ್ಥಳೀಯ ಮೀನು, ತೆಂಗಿನ ಉತ್ಪನ್ನ, ದೋಣಿ ಸೇವೆಗಳನ್ನು ಕೊಳ್ಳುವ ಷರತ್ತು ಗುತ್ತಿಗೆಯಲ್ಲಿಯೇ ಇದ್ದರೆ ರೆಸಾರ್ಟ್ ಊರಿಗೆ ಆಸರೆಯಾಗುತ್ತದೆ. ಇಲ್ಲವಾದರೆ ಅದು ಊರಿನ ಎದುರಿಗಿದ್ದೂ ಊರಿನದಾಗದ ಉದ್ದಿಮೆಯಾಗಿಯೇ ಉಳಿಯುತ್ತದೆ. ಮಾಲ್ಡೀವ್ಸ್ ಈ ಸತ್ಯವನ್ನು ಅರಿತು ದಾರಿ ಬದಲಿಸಲು ಮೂವತ್ತೇಳು ವರ್ಷಗಳು ಬೇಕಾದವು. ಈಗಷ್ಟೇ ಆರಂಭಿಸುತ್ತಿರುವವರು ಅಷ್ಟು ಕಾಲ ಕಾಯಬೇಕಾಗಿಲ್ಲ.