ಭೌತಶಾಸ್ತ್ರ ಓದಿದವರಿಗೂ ಕಡಲ ದಾರಿ

ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದಿಲ್ಲವೆಂದು ಕಡಲ ವಿಜ್ಞಾನದ ಆಸೆ ಬಿಡಬೇಡಿ. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ಕಡಲ ಜೀವಶಾಸ್ತ್ರದ್ದು. ಅದು ನಿಮ್ಮ ದಾರಿಯಲ್ಲ. ಭೌತಶಾಸ್ತ್ರ, ಗಣಿತ ಓದಿದ ನಿಮಗೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಓಷಿಯಾನೋಗ್ರಫಿ ಹೊಂದುತ್ತದೆ. ಕಡಲಿನಲ್ಲಿ ಗಣಿತಕ್ಕೇನು ಕೆಲಸ ಎನ್ನುವಿರಾ? ಮುಂಗಾರಿನಲ್ಲಿ ಗಾಳಿ ಮೇಲ್ನೀರನ್ನು ತೀರದಿಂದ ದೂರ ತಳ್ಳಿದಾಗ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ನಮ್ಮ ಕರಾವಳಿಯ ಬಂಗುಡೆ, ಬೂತಾಯಿಯ ಸುಗ್ಗಿಗೆ ಅದು ದೊಡ್ಡ ಆಸರೆ. ನೀರಿನ ಆ ಚಲನೆಯನ್ನು ಲೆಕ್ಕ ಹಾಕಲು ಗಣಿತ ಬಲ್ಲವರೇ ಬೇಕು. ನಿಮಗೆ ಈಜು ಬಾರದೆಂದು ತಾಯಿ ಆತಂಕಪಟ್ಟರೆ ಅದು ಸಹಜ, ಆದರೆ ಈ ಕೆಲಸದ ಬಹುಪಾಲು ಕಂಪ್ಯೂಟರ್ ಮುಂದೆಯೇ. ಅದಕ್ಕಾಗಿ ಪೈಥಾನ್ ಪ್ರೋಗ್ರಾಮಿಂಗ್ ಈಗಲೇ ಕಲಿಯಿರಿ. ಪಿಎಚ್.ಡಿ.ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯೂ ಇದೆ. ಅರ್ಜಿ ಹಾಕುವ ಮೊದಲು ಆ ವರ್ಷದ ಅರ್ಹತಾ ನಿಯಮಗಳನ್ನು ತಪ್ಪದೆ ಓದಿ.